ಶಾಲಿಗಿಂತ ಮೊದಲು ಡ್ಯೂಟಿ ಚಾರ್ಟ್

ಆಸ್ಪತ್ರೆ ಸಿಬ್ಬಂದಿಯ ಹುರುಪು ಉಳಿಯಬೇಕಾದರೆ ಮುಖ್ಯಸ್ಥರು ಏನು ಮಾಡಬಹುದು, ಸಿಬ್ಬಂದಿ ಏನು ಕೇಳಬಹುದು

ತಾಲ್ಲೂಕಿನ ಪ್ರಗತಿ ಪರಿಶೀಲನಾ ಸಭೆಯಾಗಲಿ, ಖಾಸಗಿ ನರ್ಸಿಂಗ್ ಹೋಂ ಮಾಲೀಕರ ಮಾತಾಗಲಿ, ಒಂದು ದೂರು ಮಾತ್ರ ತಪ್ಪುವುದಿಲ್ಲ: ‘ಸಿಬ್ಬಂದಿಗೆ ಮೊದಲಿನ ಆಸಕ್ತಿ ಇಲ್ಲ.’ ದೂರಿನ ಬೆನ್ನಿಗೇ ಪರಿಹಾರವೂ ಬರುತ್ತದೆ. ಯಾರನ್ನಾದರೂ ಕರೆಸಿ ಸ್ಫೂರ್ತಿ ತುಂಬುವ ಉಪನ್ಯಾಸ ಇಡಿಸೋಣ, ಮೇ 12ರ ದಾದಿಯರ ದಿನಕ್ಕೆ ನಾಲ್ವರಿಗೆ ಶಾಲು ಹೊದಿಸೋಣ, ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಹಾಕೋಣ. ಸನ್ಮಾನ ಮುಗಿದ ಮರುದಿನ ಅದೇ ಸಿಸ್ಟರ್ ಸತತ ಐದನೇ ನೈಟ್ ಡ್ಯೂಟಿಗೆ ಬರುತ್ತಾರೆ. ಅದೇ ಆಶಾ ಕಾರ್ಯಕರ್ತೆ ಬಾಕಿ ಪ್ರೋತ್ಸಾಹಧನ ಯಾವಾಗ ಬರುತ್ತದೆಂದು ಕೇಳಲು ಗುಮಾಸ್ತರ ಮೇಜಿನ ಮುಂದೆ ನಿಲ್ಲುತ್ತಾರೆ.

ಆರೋಗ್ಯ ಸೇವೆಗೆ ಬಂದವರಿಗೆ ಕೆಲಸದ ಮೇಲಿನ ಪ್ರೀತಿಯನ್ನು ಹೊರಗಿನವರು ಬಂದು ತುಂಬಬೇಕಾಗಿಲ್ಲ. ಇರುವ ಪ್ರೀತಿಯನ್ನು ದಿನನಿತ್ಯದ ಅವ್ಯವಸ್ಥೆ ಕೊಲ್ಲದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತ ವೈದ್ಯಾಧಿಕಾರಿ, ನರ್ಸಿಂಗ್ ಸೂಪರಿಂಟೆಂಡೆಂಟ್, ಸಣ್ಣ ಆಸ್ಪತ್ರೆ ನಡೆಸುವವರು ದೊಡ್ಡ ಅನುದಾನಕ್ಕೆ ಕಾಯದೆ ಮಾಡಬಹುದಾದ ಕೆಲಸಗಳು ಇಲ್ಲಿವೆ. ವಾರ್ಡಿನಲ್ಲಿ, ಊರೂರಿನಲ್ಲಿ ದುಡಿಯುವವರು ತಮಗಾಗಿ ತಿಳಿದಿರಬೇಕಾದ ಕೆಲವು ಸಂಗತಿಗಳೂ ಇವೆ.

ಬೇಸರದ ಕಾರಣ ಬೇರೆ, ಖುಷಿಯ ಕಾರಣ ಬೇರೆ

ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಹಾಗೂ ಲೆಕ್ಕಪತ್ರ ನೋಡುವವರನ್ನು ಮಾತಾಡಿಸಿದರು. ಕೆಲಸದಲ್ಲಿ ತುಂಬಾ ಖುಷಿಯಾದದ್ದು ಯಾವಾಗ, ತುಂಬಾ ಬೇಸರವಾದದ್ದು ಯಾವಾಗ ಎಂದು ಕೇಳಿದರು. 1959ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನವನ್ನು ಆಮೇಲೆ ಆಸ್ಪತ್ರೆಗಳ ಆಡಳಿತದಲ್ಲೂ ಬಹಳವಾಗಿ ಬಳಸಿಕೊಳ್ಳಲಾಯಿತು. ಅದರ ತಿರುಳು ಇಷ್ಟೆ: ಸಂಬಳ, ಮೇಲಧಿಕಾರಿಯ ವರ್ತನೆ, ಕಚೇರಿಯ ನಿಯಮ, ಕೆಲಸದ ಜಾಗದ ಸ್ಥಿತಿ ಇವು ಕೆಟ್ಟರೆ ಮನಸ್ಸು ಕೆಡುತ್ತದೆ. ಆದರೆ ಇವೆಲ್ಲ ಸರಿಯಾದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ಬರುವುದು ಸಾಧಿಸಿದ ಸಮಾಧಾನ, ಗುರುತಿಸುವಿಕೆ, ಜವಾಬ್ದಾರಿ, ಕಲಿಕೆ, ಬಡ್ತಿಗಳಿಂದ. ಸಾರಿನಲ್ಲಿ ಉಪ್ಪು ಹದವಾಗಿದೆಯೆಂದು ಯಾರೂ ಹೊಗಳುವುದಿಲ್ಲ. ಇಲ್ಲದಿದ್ದರೆ ತಟ್ಟೆ ಸರಿಸುತ್ತಾರೆ.

ನಮ್ಮ ಆಸ್ಪತ್ರೆಗಳಿಗೆ ಇದನ್ನು ಅನ್ವಯಿಸುವಾಗ ಒಂದು ತಿದ್ದುಪಡಿ ಬೇಕು. ಕೈಗೆ ಬರುವುದೇ ಕಡಿಮೆ ಇರುವಾಗ ಹಣವೇ ಗೌರವದ ಅಳತೆಯೂ ಆಗಿಬಿಡುತ್ತದೆ. ಹಾಗಾಗಿ ಕ್ರಮ ತಪ್ಪಬಾರದು. ಮೊದಲು ಕಿರಿಕಿರಿ ತೆಗೆಯಬೇಕು, ಆಮೇಲೆ ಖುಷಿಯ ದಾರಿ ತೆರೆಯಬೇಕು. ಬಾತ್‌ರೂಮಿನಲ್ಲಿ ನೀರಿಲ್ಲದ ಆಸ್ಪತ್ರೆಯಲ್ಲಿ ಸೇವಾ ಮನೋಭಾವದ ಭಾಷಣ ಮಾಡಿದರೆ ಕೇಳಿದವರಿಗೆ ಸಿಟ್ಟೇ ಬರುತ್ತದೆ.

ಚಾರ್ಟ್‌ನ ಲೆಕ್ಕ ಕೂತು ಹಾಕಿ

24 ಗಂಟೆ ತೆರೆದಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಮೂವರು ಸ್ಟಾಫ್ ನರ್ಸ್‌ಗಳು ಎಂದುಕೊಳ್ಳಿ. ಎಲ್ಲ ಹೊತ್ತಿನಲ್ಲೂ ಒಬ್ಬರಾದರೂ ಇರಲೇಬೇಕು. ವಾರಕ್ಕೆ 168 ಗಂಟೆ. ಮೂವರಿಗೆ ಹಂಚಿದರೆ ತಲಾ 56 ಗಂಟೆ. ದಿನಕ್ಕೆ 8 ಗಂಟೆಯಂತೆ ಆರು ದಿನ ದುಡಿದರೆ ಆಗುವುದು 48 ಗಂಟೆ. ಅಂದರೆ ಯಾರೂ ರಜೆ ಹಾಕದ, ಯಾರಿಗೂ ಜ್ವರ ಬಾರದ ವಾರದಲ್ಲೂ ಒಬ್ಬೊಬ್ಬರ ಮೇಲೆ 8 ಗಂಟೆ ಹೆಚ್ಚು ಬೀಳುತ್ತದೆ. ವಾರದ ರಜೆ ಅಲ್ಲಿಗೆ ಮುಗಿಯಿತು.

ವರ್ಷದ ಲೆಕ್ಕ ಇನ್ನೂ ಸ್ಪಷ್ಟ. 365 ದಿನದಲ್ಲಿ 52 ವಾರದ ರಜೆ ಕಳೆದರೆ 313. ಸಾಂದರ್ಭಿಕ ರಜೆ, ಗಳಿಕೆ ರಜೆ, ಹಬ್ಬ ಎಲ್ಲ ಸೇರಿ 40 ದಿನ ಎಂದು ಹಿಡಿದರೆ ಉಳಿಯುವುದು 273 ದಿನ, ಅಂದರೆ 2,184 ಗಂಟೆ. ವರ್ಷಕ್ಕೆ 8,760 ಗಂಟೆ. ಭಾಗಿಸಿದರೆ ಒಂದು ಜಾಗ ತುಂಬಲು ನಾಲ್ವರು ಬೇಕು. ಮೂವರಿಂದ ಅದೇ ಕೆಲಸ ನಡೆಯುತ್ತಿದ್ದರೆ ನಾಲ್ಕನೆಯವರ ಕೆಲಸವನ್ನು ಈ ಮೂವರು ತಮ್ಮ ನಿದ್ದೆ ಮತ್ತು ಮನೆಯ ಸಮಯದಿಂದ ತುಂಬುತ್ತಿದ್ದಾರೆ ಎಂದರ್ಥ. ‘ಆಸಕ್ತಿ ಇಲ್ಲ’ ಎನ್ನುವ ಮೊದಲು ಈ ಲೆಕ್ಕವನ್ನು ನಿಮ್ಮ ಆಸ್ಪತ್ರೆಗೆ ಹಾಕಿ ನೋಡಿ.

ಕೆಲಸದ ಹೊರೆ ಬರೀ ಸಿಬ್ಬಂದಿಯ ಸಮಸ್ಯೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿದ ಲಿಂಡಾ ಏಕನ್ ತಂಡ 2002ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಬಸವಳಿಯುವ ಸಂಭವ ಶೇ 23ರಷ್ಟು, ಕೆಲಸದಲ್ಲಿ ಅತೃಪ್ತಿಯ ಸಂಭವ ಶೇ 15ರಷ್ಟು ಏರಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಏರಿತ್ತು.

ಹೊಸ ಹುದ್ದೆ ಸೃಷ್ಟಿ ನಿಮ್ಮ ಕೈಯಲ್ಲಿಲ್ಲ. ಇರುವುದನ್ನು ನ್ಯಾಯವಾಗಿ ಹಂಚುವುದು ನಿಮ್ಮ ಕೈಯಲ್ಲಿದೆ:

• ತಿಂಗಳ ಚಾರ್ಟ್ ಕನಿಷ್ಠ ಒಂದು ವಾರ ಮೊದಲೇ ಗೋಡೆಗೆ ಬರಲಿ. ಮಗುವಿನ ಶಾಲೆ, ಅತ್ತೆಯ ಡಾಕ್ಟರು, ಊರಿನ ಜಾತ್ರೆ ಎಲ್ಲವನ್ನೂ ಅವರು ಅದರ ಮೇಲೆಯೇ ಹೊಂದಿಸಿಕೊಳ್ಳಬೇಕು.

• ಒಂದು ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ನೈಟ್, ಭಾನುವಾರ, ಹಬ್ಬದ ಡ್ಯೂಟಿ ಈ ಮೂರನ್ನು ಬೇರೆಬೇರೆಯಾಗಿ ಎಣಿಸಿಡಿ. ಯುಗಾದಿಗೆ ಡ್ಯೂಟಿ ಬಿದ್ದವರಿಗೆ ದೀಪಾವಳಿ ಬಿಡುವು ಸಿಗಲಿ. ಪುಸ್ತಕ ಎಲ್ಲರಿಗೂ ನೋಡಲು ಸಿಗಬೇಕು. ‘ಅವರಿಗೆ ಬೇಕಾದವರಿಗೆ ಬೇಕಾದ ಡ್ಯೂಟಿ’ ಎಂಬ ಗುಸುಗುಸು ನಿಲ್ಲುವುದು ಹಾಗೆಯೇ.

• ನೈಟ್ ಮುಗಿಸಿದವರನ್ನು ಬೆಳಗಿನ ಮೀಟಿಂಗ್‌ಗೋ ಡೇಟಾ ಎಂಟ್ರಿಗೋ ನಿಲ್ಲಿಸಿಕೊಳ್ಳಬೇಡಿ.

• ಇಬ್ಬರು ಒಪ್ಪಿ ಡ್ಯೂಟಿ ಬದಲಿಸಿಕೊಳ್ಳುವುದಾದರೆ ಬರೆದಿಟ್ಟು ಬಿಟ್ಟುಕೊಡಿ. ರೋಗಿಗೆ ತೊಂದರೆಯಾಗದಿದ್ದರೆ ಅದಕ್ಕೆ ನಿಮ್ಮ ಅಪ್ಪಣೆಯ ದರ್ಪ ಬೇಕಿಲ್ಲ.

• ಗುತ್ತಿಗೆಯವರಿಗೇ ರಾತ್ರಿಗಳು, ಕಾಯಂ ಸಿಬ್ಬಂದಿಗೇ ಬೆಳಗುಗಳು ಎಂಬ ಅಲಿಖಿತ ನಿಯಮ ನಿಮ್ಮಲ್ಲಿದೆಯೇ? ಮೊದಲು ಅದನ್ನು ಮುರಿಯಿರಿ.

ಹಣ: ಎಷ್ಟು ಎಂಬಷ್ಟೇ ಮುಖ್ಯ, ಯಾವತ್ತು ಎಂಬುದು

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಶುರುವಾದಾಗ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ನೇಮಿಸುವ ಯೋಜನೆ ಬಂತು. ಅವರು ಸಂಬಳದ ನೌಕರರಲ್ಲ. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ, ಜೊತೆಗೆ ಒಂದಿಷ್ಟು ಗೌರವಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕುಳಿತರು. ತಿಂಗಳಿಗೆ 15 ಸಾವಿರ ರೂಪಾಯಿ ನಿಶ್ಚಿತ ಗೌರವಧನ ಅವರ ಮುಖ್ಯ ಬೇಡಿಕೆ. ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವಂತೆ ಮಾಡುವ ಭರವಸೆ ಸರ್ಕಾರದಿಂದ ಬಂದ ಮೇಲೆ ಮನೆಗೆ ಹೊರಟರು. ಜಗತ್ತಿನ ಅತಿ ದೊಡ್ಡ ಆರೋಗ್ಯ ಸಂಸ್ಥೆಯ ಪ್ರಶಸ್ತಿಯೂ ತಿಂಗಳ ಖರ್ಚಿನ ಪ್ರಶ್ನೆಗೆ ಉತ್ತರವಾಗಲಿಲ್ಲ.

ಆ ಹೋರಾಟದಲ್ಲಿ ಕೇಳಿಬಂದ ಇನ್ನೊಂದು ದೂರನ್ನು ಪ್ರಾಥಮಿಕ ಕೇಂದ್ರದ ಮಟ್ಟದಲ್ಲೇ ಒಂದಷ್ಟು ಪರಿಹರಿಸಬಹುದು. ಕೆಲಸ ಮಾಡಿದ್ದಾಗಿದೆ, ಪೋರ್ಟಲ್‌ನಲ್ಲಿ ನಮೂದಾಗಿಲ್ಲ, ಹಾಗಾಗಿ ಹಣವಿಲ್ಲ. ಗರ್ಭಿಣಿ ತವರಿಗೆ ಹೋದಳು, ತಾಯಿ ಕಾರ್ಡಿನ ಸಂಖ್ಯೆ ತಪ್ಪಾಯಿತು, ಹೆರಿಗೆ ಬೇರೆ ತಾಲ್ಲೂಕಿನಲ್ಲಾಯಿತು. ಒಂಬತ್ತು ತಿಂಗಳು ಓಡಾಡಿದ್ದು ಲೆಕ್ಕದಿಂದ ಹೊರಗೆ. ತಿಂಗಳ ಆಶಾ ಸಭೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಇದಕ್ಕೇ ಇಡಿ. ಡೇಟಾ ಎಂಟ್ರಿ ಆಪರೇಟರ್ ಎದುರಿಗಿರಲಿ. ಯಾರು ಯಾವ ಕೆಲಸಕ್ಕೆ ಬಿಲ್ ಕೊಟ್ಟರು, ಯಾವುದು ಪಾಸಾಯಿತು, ಯಾವುದು ಯಾಕೆ ನಿಂತಿತು ಎಂಬ ಪಟ್ಟಿ ಕೈಗೆ ಸಿಗಲಿ. ತಿದ್ದಬಹುದಾದದ್ದನ್ನು ಅಲ್ಲೇ ತಿದ್ದಿಸಿ. ಗುರಿ ಸಾಧನೆಯ ವಿಚಾರಣೆ ಆಮೇಲೆ ಶುರುವಾಗಲಿ.

ಹೊರಗುತ್ತಿಗೆಯ ಗ್ರೂಪ್ ಡಿ ನೌಕರರು, ಸ್ವಚ್ಛತಾ ಸಿಬ್ಬಂದಿಯ ವಿಷಯದಲ್ಲಿ ಏಜೆನ್ಸಿಯ ಬಿಲ್‌ಗೆ ಸಹಿ ಹಾಕುವ ಮೊದಲು ಹಿಂದಿನ ತಿಂಗಳ ಸಂಬಳ ಪಾವತಿಯ ದಾಖಲೆ, ಪಿಎಫ್ ಮತ್ತು ಇಎಸ್‌ಐ ಚಲನ್ ಕೇಳಿ. ನೌಕರರಿಗೆ ಉಮಂಗ್ ಆ್ಯಪ್‌ನಲ್ಲಿ ತಮ್ಮ ಪಿಎಫ್ ಪಾಸ್‌ಬುಕ್ ನೋಡುವುದನ್ನು ಕಲಿಸಿಕೊಡಿ. ಹತ್ತು ನಿಮಿಷದ ಕೆಲಸ. ‘ನಮ್ಮ ಪರವಾಗಿ ಕೇಳುವವರು ಒಬ್ಬರಿದ್ದಾರೆ’ ಎಂಬ ಧೈರ್ಯ ಅದರಿಂದ ಬರುತ್ತದೆ.

ಖಾಸಗಿ ಆಸ್ಪತ್ರೆಯವರಿಗೆ ಒಂದು ನೆನಪು. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ 2016ರಲ್ಲೇ ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಕೊಟ್ಟಿದೆ. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗೆ ಸಮಾನ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇರುವಲ್ಲೂ 20 ಸಾವಿರ ರೂಪಾಯಿಗೆ ಕಡಿಮೆಯಿಲ್ಲದಂತೆ ಎಂಬುದು ಅದರ ಮುಖ್ಯ ಅಂಶ. ಅನುಭವಿ ನರ್ಸ್ ಎರಡು ಸಾವಿರ ಹೆಚ್ಚಿಗೆ ಸಿಗುವಲ್ಲಿಗೆ ಹೋದಾಗ ಹೊಸಬರನ್ನು ತಂದು ತರಬೇತಿ ಕೊಡುವ ಖರ್ಚೆಷ್ಟು ಎಂದು ಲೆಕ್ಕ ಹಾಕಿದರೆ ಈ ಶಿಫಾರಸು ಅಷ್ಟೇನೂ ದುಬಾರಿಯಲ್ಲ ಅನಿಸೀತು.

ಮಾಡಿದ ಕೆಲಸ ಎಲ್ಲಿಗೆ ಮುಟ್ಟಿತು?

ಕಿರಿಕಿರಿ ತಗ್ಗಿದ ಮೇಲೆ ಹುರುಪಿನ ಮಾತು. ಆರೋಗ್ಯ ಸೇವೆಗೆ ಒಂದು ದೊಡ್ಡ ಅನುಕೂಲವಿದೆ: ಕೆಲಸದ ಅರ್ಥ ಹುಡುಕಬೇಕಾಗಿಲ್ಲ. ಆದರೆ ಬಹಳಷ್ಟು ಸಿಬ್ಬಂದಿಗೆ ತಮ್ಮ ಕೆಲಸದ ಫಲ ಕಣ್ಣಿಗೇ ಬೀಳುವುದಿಲ್ಲ.

ಒಂದು ಉದಾಹರಣೆ ನೋಡಿ. ಆರು ತಿಂಗಳ ಗರ್ಭಿಣಿಯ ಹಿಮೋಗ್ಲೋಬಿನ್ 6.5 ಬಂದಿದೆ. ಇದು ತೀವ್ರ ರಕ್ತಹೀನತೆ. ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಎನ್ನುವ ಅತ್ತೆಯನ್ನು ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಹೋಗಿ ಒಪ್ಪಿಸುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ ಸೇರಿಸುತ್ತಾರೆ. ಮುಂದೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾಗುತ್ತದೆ, ಮಗು 2.7 ಕಿಲೊ, ತಾಯಿ ಕ್ಷೇಮ. ಹಿಮೋಗ್ಲೋಬಿನ್ ನೋಡಿದ ಲ್ಯಾಬ್ ಟೆಕ್ನಿಷಿಯನ್‌ಗೆ ಇದು ಗೊತ್ತಾಗುವುದೇ ಇಲ್ಲ. ಉಪಕೇಂದ್ರದಲ್ಲಿ ತೂಕ, ಬಿಪಿ ಬರೆದವರಿಗೆ ಪೋರ್ಟಲ್‌ನಲ್ಲಿ ಒಂದು ಸಾಲು ತುಂಬಿದ್ದಷ್ಟೇ ನೆನಪು. ಅವರ ಕೆಲಸದಿಂದ ಒಂದು ಜೀವ ಉಳಿಯಿತೆಂದು ಅವರಿಗೆ ಹೇಳಿದವರಿಲ್ಲ.

ಆದ್ದರಿಂದ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಮೀಸಲಿಡಿ. ಹಿಂದಿನ ತಿಂಗಳು ಮೇಲಿನ ಆಸ್ಪತ್ರೆಗೆ ಕಳಿಸಿದ ಮೂರು ಪ್ರಕರಣ ಏನಾದವು ಎಂದು ಹೇಳಿ. ಟಿಬಿ ಚಿಕಿತ್ಸೆ ಮುಗಿಸಿದವರ ಮೊದಲಿನ ತೂಕ, ಈಗಿನ ತೂಕ ಓದಿ. ಕಫದ ಮಾದರಿಯಲ್ಲಿ ರೋಗಾಣು ಹಿಡಿದ ಟೆಕ್ನಿಷಿಯನ್ ಆ ಕೋಣೆಯಲ್ಲೇ ಇರಲಿ. ಕೆಟ್ಟ ಫಲಿತಾಂಶವನ್ನೂ ಮುಚ್ಚಿಡಬೇಡಿ. ಯಾರು ತಪ್ಪು ಮಾಡಿದರು ಎಂದು ಹುಡುಕುವ ಬದಲು ಎಲ್ಲಿ ತಡವಾಯಿತು ಎಂದು ನೋಡಿ.

ಹೊಗಳುವ ಬಗೆ, ತಿದ್ದುವ ಬಗೆ

‘ಚೆನ್ನಾಗಿ ಕೆಲಸ ಮಾಡ್ತಿದ್ದೀರಿ ಸಿಸ್ಟರ್, ಕೀಪ್ ಇಟ್ ಅಪ್’ ಎಂಬ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ‘ಸಿಸ್ಟರ್, ನಿನ್ನೆ ರಾತ್ರಿ ಹೆರಿಗೆಯಾದ ಮೇಲೆ ಬ್ಲೀಡಿಂಗ್ ಜಾಸ್ತಿಯಾದಾಗ ನಾನು ಕ್ವಾರ್ಟರ್ಸ್‌ನಿಂದ ಬರುವಷ್ಟರಲ್ಲಿ ನೀವು ಡ್ರಿಪ್ ಹಾಕಿ, 108ಕ್ಕೂ ಫೋನ್ ಮಾಡಿ ಆಗಿತ್ತು. ಅದಕ್ಕೇ ಆ ತಾಯಿ ಉಳಿದದ್ದು’ ಎಂದರೆ ಆಕೆಗೆ ಅದು ವರ್ಷಗಟ್ಟಲೆ ನೆನಪಿರುತ್ತದೆ. ಏನು ಮಾಡಿದರು, ಅದರಿಂದ ಏನಾಯಿತು ಎಂಬ ಎರಡೂ ಹೊಗಳಿಕೆಯಲ್ಲಿರಬೇಕು. ಆ ವಾರದಲ್ಲೇ ಹೇಳಬೇಕು.

ತಿದ್ದುವುದು ಮಾತ್ರ ನಾಲ್ವರ ಎದುರು ಬೇಡ. ರೋಗಿಗಳ, ಅವರ ಕಡೆಯವರ ಮುಂದೆ ನರ್ಸ್‌ಗೆ ಗದರಿದರೆ ಆಮೇಲೆ ಆಕೆಯ ಮಾತನ್ನು ರೋಗಿಯೂ ಕೇಳುವುದಿಲ್ಲ. ಕರೆದು, ಬಾಗಿಲು ಹಾಕಿ, ಒಂದು ವಿಷಯವನ್ನಷ್ಟೇ ಹೇಳಿ. ‘ನೀವು ಯಾವಾಗಲೂ ಹೀಗೇ’ ಎಂಬ ಮಾತು ಬೇಡ. ಇನ್ನೊಂದು ಎಚ್ಚರ: ತಪ್ಪು ಔಷಧಿ ಕೊಟ್ಟದ್ದನ್ನು ತಾವಾಗಿಯೇ ಬಂದು ಹೇಳಿದವರಿಗೆ ಮೊದಲು ಧನ್ಯವಾದ ಹೇಳಿ. ಅವರಿಗೆ ಮೆಮೊ ಕೊಟ್ಟರೆ ಮುಂದಿನ ತಪ್ಪು ನಿಮ್ಮ ಕಿವಿಗೆ ಬೀಳುವುದಿಲ್ಲ.

ಕಲಿಸಿ, ಒಂದಿಷ್ಟು ಕೈಗೆ ಬಿಡಿ

ಹಳ್ಳಿಯ ಸಿಬ್ಬಂದಿಗೆ ಹೊಸ ಕೆಲಸ ಕಲಿಸಿದರೆ ಹೊರೆಯಾಗುತ್ತದೆ ಎಂಬುದು ಅರ್ಧ ನಿಜ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳುವುದನ್ನು ಕಲಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಕಲಿಕೆಯ ಜೊತೆಗೆ ಔಷಧಿ, ಫೋನಿಗೆ ಸಿಗುವ ಒಬ್ಬ ಮಾರ್ಗದರ್ಶಕ, ಕಲಿತದ್ದನ್ನು ಬಳಸಲು ಅವಕಾಶ ಇದ್ದರೆ ಸಣ್ಣ ಕೇಂದ್ರದ ಸಿಬ್ಬಂದಿಯೂ ದೊಡ್ಡ ಕೆಲಸ ಮಾಡುತ್ತಾರೆ. ಇವು ಮೂರೂ ಇಲ್ಲದೆ ಬರೀ ತರಬೇತಿಗೆ ಕಳಿಸಿದರೆ ಬ್ಯಾಗು, ಪೆನ್ನು, ಪ್ರಮಾಣಪತ್ರ ಮನೆಗೆ ಬರುತ್ತವೆ.

ತರಬೇತಿಯ ಆದೇಶ ಬಂದಾಗ ಸರದಿ ಪಾಲಿಸಿ. ಪ್ರತಿ ಸಲ ಒಬ್ಬರೇ ಹೋಗುವುದು ಬೇಡ. ಹೋಗಿ ಬಂದವರು ಉಳಿದವರಿಗೆ ಅರ್ಧ ಗಂಟೆ ಹೇಳಿಕೊಡಲಿ. ಹಾಗೆಯೇ ಒಂದೊಂದು ಜವಾಬ್ದಾರಿಯನ್ನು ಪೂರ್ತಿಯಾಗಿ ಒಬ್ಬೊಬ್ಬರಿಗೆ ಬಿಡಿ: ಲಸಿಕೆಯ ಫ್ರಿಜ್, ಹೆರಿಗೆ ಕೋಣೆಯ ತುರ್ತು ಟ್ರೇ, ತೋಟ. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ 2015ರಿಂದ ಕೊಡುವ ಕಾಯಕಲ್ಪ ಪ್ರಶಸ್ತಿಗೆ ತಯಾರಿ ನಡೆಸುವಾಗ ಗ್ರೂಪ್ ಡಿ ನೌಕರರನ್ನೂ ಕೂರಿಸಿಕೊಂಡು ಯೋಜನೆ ಮಾಡಿ. ಯಾವ ಬಕೆಟ್ ಎಲ್ಲಿದ್ದರೆ ಕಸ ಬೇರ್ಪಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಮೊದಲು ಏನು ಮಾಡಿಸಬೇಕೆಂದು ಸಿಬ್ಬಂದಿಯನ್ನು ಕೇಳಿ. ‘ಡ್ಯೂಟಿ ರೂಮಿನ ಬಾಗಿಲಿಗೆ ಚಿಲಕ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಸುರಕ್ಷತೆ ಸೌಲಭ್ಯವಲ್ಲ, ಹಕ್ಕು

ರಾತ್ರಿ ಒಬ್ಬರೇ ಇರುವ ನರ್ಸ್‌ಗೆ ಭಯವಿದ್ದರೆ ಬೇರೆ ಯಾವ ಸೌಲಭ್ಯವೂ ಕೆಲಸಕ್ಕೆ ಬಾರದು. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ಮತ್ತು ಆಸ್ಪತ್ರೆಯ ಆಸ್ತಿ ಹಾನಿ ತಡೆಯಲು 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ. ಜೈಲು ಮತ್ತು ದಂಡದ ಶಿಕ್ಷೆ, ಜಾಮೀನುರಹಿತ ಅಪರಾಧ. ಈ ಮಾಹಿತಿಯ ಫಲಕವನ್ನು ಓಪಿಡಿಯ ಎದುರು ಹಾಕಿಸಿ. ಹಲ್ಲೆಯಾದರೆ ದೂರು ಕೊಡುವುದು ಸಂಸ್ಥೆಯ ಮುಖ್ಯಸ್ಥರ ಕೆಲಸವಾಗಲಿ. ಏಟು ತಿಂದವರೇ ಠಾಣೆಗೆ ಅಲೆಯುವಂತಾಗಬಾರದು.

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸದಸ್ಯರ ಹೆಸರು, ಫೋನ್ ನಂಬರ್ ಗೋಡೆಯ ಮೇಲಿರಲಿ.

ದಣಿವು ಎಲ್ಲೆ ಮೀರಿದಾಗ

ಇದು ಸಿಬ್ಬಂದಿ ತಮಗಾಗಿ ಓದಿಕೊಳ್ಳಬೇಕಾದ ಭಾಗ. ಕೆಲಸದಿಂದಾಗುವ ಬಸವಳಿಕೆಯನ್ನು ‘ಬರ್ನ್‌ಔಟ್’ ಎನ್ನುತ್ತಾರೆ. ಅದರ ಬಗ್ಗೆ 1974ರಲ್ಲಿ ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಕಂಡದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದ ಸೇವಾಕರ್ತರಲ್ಲಿ. ಮುಂದೆ ಕ್ರಿಸ್ಟಿನಾ ಮಾಸ್ಲಾಕ್ ಅದಕ್ಕೆ ಮೂರು ಗುರುತು ಹೇಳಿದರು. ಮೊದಲನೆಯದು ನಿದ್ದೆ ಮಾಡಿದರೂ ಹೋಗದ ದಣಿವು. ಎರಡನೆಯದು ರೋಗಿಯನ್ನು ಮನುಷ್ಯರೆಂದು ಕಾಣದೆ ‘ಮೂರನೇ ಬೆಡ್’ ಎಂದು ಕಾಣುವ ನಿರ್ಲಿಪ್ತತೆ. ಮೂರನೆಯದು ‘ನಾನು ಏನು ಮಾಡಿದರೂ ಅಷ್ಟೆ’ ಎಂಬ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದ ಕೆಲಸದೊತ್ತಡದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿತು. ಅಂದರೆ ಇದು ನಿಮ್ಮ ದೌರ್ಬಲ್ಯವಲ್ಲ.

ಈ ಮೂರೂ ವಾರಗಟ್ಟಲೆ ಉಳಿದರೆ ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ನೈಟ್ ಡ್ಯೂಟಿಯವರು ಬೆಳಗಿನ ಜಾವ ಕಾಫಿ ಬಿಡಿ, ಕೋಣೆ ಕತ್ತಲು ಮಾಡಿ ಮಲಗಿ, ಮನೆಯವರಿಗೆ ಆ ಹೊತ್ತು ಎಬ್ಬಿಸಬೇಡಿ ಎಂದು ಹೇಳಿ. ಕಣ್ಣು ಎಳೆಯುತ್ತಿದ್ದರೆ ಸ್ಕೂಟರ್ ಹತ್ತುವ ಮೊದಲು ಆಸ್ಪತ್ರೆಯಲ್ಲೇ 20 ನಿಮಿಷ ಕಣ್ಣು ಮುಚ್ಚಿ.

ಆರು ಪ್ರಶ್ನೆಗಳ ಚೀಟಿ

ಮೂರು ತಿಂಗಳಿಗೊಮ್ಮೆ, ಹೆಸರು ಬರೆಯದೆ, ಪೆಟ್ಟಿಗೆಗೆ ಹಾಕುವ ಚೀಟಿ. ಹೌದು ಅಥವಾ ಇಲ್ಲ ಅಷ್ಟೆ.

1. ಮುಂದಿನ ವಾರದ ನನ್ನ ಡ್ಯೂಟಿ ಇವತ್ತೇ ಗೊತ್ತಿದೆ.
2. ಕಳೆದ ತಿಂಗಳ ಹಣ ಪೂರ್ತಿ ಬಂದಿದೆ, ಅಥವಾ ಯಾಕೆ ಬಂದಿಲ್ಲವೆಂದು ಗೊತ್ತಿದೆ.
3. ಗ್ಲೌಸ್, ಸಿರಿಂಜ್, ಬಿಪಿ ಯಂತ್ರಕ್ಕಾಗಿ ಈ ವಾರ ಹುಡುಕಾಡಲಿಲ್ಲ.
4. ಈ ತಿಂಗಳು ಯಾರೋ ನನ್ನ ಒಂದು ನಿರ್ದಿಷ್ಟ ಕೆಲಸವನ್ನು ಮೆಚ್ಚಿ ಮಾತಾಡಿದರು.
5. ತಪ್ಪಾದರೆ ಹೆದರದೆ ಹೇಳಬಹುದು.
6. ನನ್ನ ತಂಗಿಗೋ ಮಗಳಿಗೋ ಇಲ್ಲೇ ಕೆಲಸಕ್ಕೆ ಸೇರು ಎನ್ನುತ್ತೇನೆ.

ಹೆಚ್ಚು ‘ಇಲ್ಲ’ ಬಂದ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳಿ. 15 ದಿನದೊಳಗೆ ಏನಾದರೂ ಮಾಡಿ, ಮಾಡಿದ್ದನ್ನು ತಿಳಿಸಿ. ನಿಮ್ಮಿಂದ ಆಗದಿದ್ದರೆ ಆಗದು ಎಂದೇ ಹೇಳಿ. ಕೇಳಿ ಸುಮ್ಮನಾಗುವುದಾದರೆ ಚೀಟಿ ಹಂಚಲೇಬೇಡಿ. ಹಾಗೆ ಸುಮ್ಮನಾದರೆ ಮುಂದಿನ ಸಲ ಎಲ್ಲವೂ ‘ಹೌದು’ ಎಂದು ಬರುತ್ತದೆ, ಅದರಲ್ಲಿ ಒಂದೂ ನಿಜವಿರುವುದಿಲ್ಲ.

ನಿಮ್ಮ ಕೈ ಮೀರಿದ್ದನ್ನು ಲೆಕ್ಕದೊಂದಿಗೆ ಬರೆಯಿರಿ. ‘ಸಿಬ್ಬಂದಿ ಕೊರತೆಯಿದೆ, ದಯವಿಟ್ಟು ಪರಿಶೀಲಿಸಿ’ ಎಂಬ ಪತ್ರ ಕಡತದಲ್ಲಿ ಮುಳುಗುತ್ತದೆ. ‘ವಾರಕ್ಕೆ 168 ಗಂಟೆ, ಮೂವರು, ಕಳೆದ ತಿಂಗಳು ಕೊಡಲಾಗದೆ ಹೋದ ವಾರದ ರಜೆ ಇಷ್ಟು, ಇದೇ ಅವಧಿಯಲ್ಲಿ ಆದ ಹೆರಿಗೆ ಇಷ್ಟು’ ಎಂದು ಬರೆದರೆ ತಾಲ್ಲೂಕು ಆರೋಗ್ಯಾಧಿಕಾರಿಗೂ ಅದನ್ನು ಮೇಲೆ ಕಳಿಸಲು ಒಂದು ಆಧಾರ ಸಿಗುತ್ತದೆ. ಪ್ರತಿ ಮೂರು ತಿಂಗಳಿಗೆ ಅಂಕಿ ಬದಲಿಸಿ ಮತ್ತೆ ಕಳಿಸಿ, ಪ್ರತಿಯನ್ನು ಸಿಬ್ಬಂದಿಗೂ ತೋರಿಸಿ. ಹುದ್ದೆ ತಕ್ಷಣ ಬಾರದಿರಬಹುದು. ಆದರೆ ನಾಳೆ ನೀವು ವರ್ಗವಾಗಿ ಹೋದರೆ ನಿಮ್ಮ ಜಾಗಕ್ಕೆ ಬರುವವರು ಇದೇ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುವುದಿಲ್ಲ.